ಹೊರಸು ಬಿಟ್ಟು ನೆಲಕ್ಕೆ ಕೂತವರು



ಮೇ 15ರಂದು ರೈತರ ಪಾಲಕ ಸಂತ ಇಸಿದೋರರ ಹಬ್ಬ. ಪಸ್ತಾಪುರ, ನಾರಾಯಣಖೇಡ, ತಾಂಡೂರು ಕಡೆಯ ನಮ್ಮ ಕನ್ನಡ ಮನೆಗಳಿಗೆ ಈ ಹಬ್ಬ ಹತ್ತಿರದ್ದು. ಆ ಹೊತ್ತಿಗೆ ಹೊಲ ಹರಗಿ ಮುಗಿದಿರುತ್ತದೆ, ರೋಹಿಣಿ ಮಳೆಗಾಗಿ ಕಣ್ಣು ಮುಗಿಲಿನ ಕಡೆ ಇರುತ್ತದೆ. ಈ ಸಂತರ ಬಗ್ಗೆ ಬರೆಯಬೇಕೆಂದು ಕುಳಿತಾಗ ನನ್ನ ಮನಸ್ಸು ಮಾತ್ರ ಬೇರೊಂದು ಕಡೆ ಹೋಯಿತು. ಅದನ್ನೇ ಮೊದಲು ಹೇಳುತ್ತೇನೆ.

ತಪಸ್ಸುಕಾಲದಲ್ಲಿ ಮನೆಭೇಟಿಗೆಂದು ನಾರಾಯಣಖೇಡದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜ ಹೊರಸಿನ ಮೇಲೆ ಕೂತಿದ್ದರು. ನಾನು ಒಳಗೆ ಕಾಲಿಟ್ಟೊಡನೆ ಅವರು ಕೈಯೂರಿ, ನರಳುತ್ತಾ, ಕೆಳಗಿಳಿದು ನೆಲದ ಮೇಲೆ ಕೂತರು. ಹೊರಸನ್ನು ಧೋತರದ ಚುಂಗಿನಿಂದ ಒರೆಸಿ ನನಗೆ ಬಿಟ್ಟುಕೊಟ್ಟರು. "ಅಜ್ಜಾ, ಮ್ಯಾಲ ಕೂಡ್ರಿ" ಎಂದೆ. "ನಮಗ ನೆಲಾನೇ ಚಲೋ ಅದರಿ ಸ್ವಾಮಿ" ಎಂದರು. ಮೊಮ್ಮಗ ಹೈದರಾಬಾದಿನಲ್ಲಿ ಕೆಲಸ ಮಾಡುವ ಹುಡುಗ, ಅವನಿಗೆ ನಾಚಿಕೆಯಾಯಿತು. ತಾತನ ರಟ್ಟೆ ಹಿಡಿದು ಎಬ್ಬಿಸಲು ನೋಡಿದ. ಅಜ್ಜ ಏಳಲಿಲ್ಲ.

ಮಾತು ಬೆಳೆದ ಮೇಲೆ ತಿಳಿಯಿತು. ಅವರ ಅಪ್ಪ ಊರ ದೊರೆಯ ಮನೆಯಲ್ಲಿ ಜೀತಕ್ಕಿದ್ದವರು. ದೊರೆಯ ಗಡಿಯ ಮುಂದೆ ಹಾದುಹೋಗುವಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳಬೇಕಿತ್ತು. ಗಡಿ ಎಂದರೆ ನಮ್ಮ ಕಡೆಯ ವಾಡೆ ಇದ್ದ ಹಾಗೆ, ಕೋಟೆಯಂಥ ಮನೆ. ದೊರೆ ಎದುರಾದರೆ ಕನ್ನಡದವರಾದರೂ ತೆಲುಗಿನಲ್ಲಿ "ನೀ ಬಾಂಚನ್ ದೊರಾ, ಕಾಲ್ ಮೊಕ್ತಾ" ಅನ್ನಬೇಕಿತ್ತು. ನಾನು ನಿನ್ನ ದಾಸ, ನಿನ್ನ ಕಾಲು ಮುಟ್ಟುತ್ತೇನೆ ಎಂದು ಅದರ ಅರ್ಥ. ಈಗ ಆ ಗಡಿ ಬಿದ್ದುಹೋಗಿದೆ, ಗೋಡೆಯ ಮೇಲೆ ಆಲದ ಸಸಿ ಬೆಳೆದಿದೆ. ಅಜ್ಜನ ಹೆಸರಿನಲ್ಲಿ ಎರಡು ಎಕರೆ ಹೊಲವಿದೆ. ಆದರೂ ದೊಡ್ಡವರು ಎನ್ನಿಸಿಕೊಂಡವರು ಬಂದರೆ ಅವರ ಮೈ ತಾನಾಗಿ ನೆಲಕ್ಕಿಳಿಯುತ್ತದೆ.

ಹೊರಳಿ ಬರುವಾಗ ದಾರಿಯುದ್ದಕ್ಕೂ ಒಂದೇ ವಿಚಾರ ಚುಚ್ಚುತ್ತಿತ್ತು. ಅಜ್ಜನ ಕಣ್ಣಿಗೆ ಆ ದಿನ ದೊರೆಯ ಜಾಗದಲ್ಲಿ ಇದ್ದವನು ನಾನು.

ಶಾಲೆಯ ಇತಿಹಾಸ ಪುಸ್ತಕದಲ್ಲಿ ನಾವೆಲ್ಲ 'ಊಳಿಗಮಾನ್ಯ ಪದ್ಧತಿ' ಎಂದು ಓದಿದ್ದೇವೆ. ಊಳಿಗಕ್ಕೆ ಪ್ರತಿಯಾಗಿ ಕೊಟ್ಟ ಮಾನ್ಯದ ಭೂಮಿ ಎಂದು ಆ ಪದದ ಹುರುಳು. ಮಧ್ಯಯುಗದ ಯುರೋಪಿನಲ್ಲಿ ಅರಸ ಸಾಮಂತನಿಗೆ ಭೂಮಿ ಕೊಡುತ್ತಿದ್ದ, ಸಾಮಂತ ಅರಸನಿಗಾಗಿ ಯುದ್ಧ ಮಾಡುತ್ತಿದ್ದ. ಈ ಕೊಡುಕೊಳ್ಳುವಿಕೆಯ ಅಡಿಯಲ್ಲಿ ಹೆಸರಿಲ್ಲದೆ ಇದ್ದವನು ಉಳುವವನು. ಅವನು ದೊರೆಯ ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ. ಎಷ್ಟೋ ಕಡೆ ವಾರಕ್ಕೆ ಎರಡು ಮೂರು ದಿನ ದೊರೆಯ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯಬೇಕು. ಕಾಳನ್ನು ದೊರೆಯ ಗಿರಣಿಯಲ್ಲೇ ಬೀಸಿಸಬೇಕು, ಅದಕ್ಕೂ ಹಿಟ್ಟಿನಲ್ಲಿ ಪಾಲು ಕೊಡಬೇಕು. ಮಗಳನ್ನು ಮದುವೆ ಮಾಡಿಕೊಡಲು ದೊರೆಗೆ ಹಣ ತೆರಬೇಕು. ಇಂಗ್ಲೆಂಡಿನಲ್ಲಂತೂ ರೈತ ಸತ್ತರೆ ಅವನ ಕೊಟ್ಟಿಗೆಯ ಎಲ್ಲಕ್ಕಿಂತ ಒಳ್ಳೆಯ ದನ ದೊರೆಗೆ ಹೋಗುತ್ತಿತ್ತು. ಎರಡನೆಯ ಒಳ್ಳೆಯ ದನ? ಅದು ಧರ್ಮಕೇಂದ್ರದ ಗುರುಗಳಿಗೆ.

ಹೌದು ಪ್ರಿಯರೇ, ನಮ್ಮವರಿಗೇ. ಇದನ್ನು ಮುಚ್ಚಿಟ್ಟು ಪ್ರಬೋಧನೆ ಮಾಡಲು ನನಗೆ ಮನಸ್ಸಿಲ್ಲ. ಆ ಕಾಲದ ಧರ್ಮಾಧ್ಯಕ್ಷರೂ ಮಠಾಧಿಪತಿಗಳೂ ಎಷ್ಟೋ ಕಡೆ ತಾವೇ ದೊರೆಗಳಾಗಿದ್ದರು. ಸಮಾಜದಲ್ಲಿ ಮೂರು ವರ್ಗ, ಪ್ರಾರ್ಥಿಸುವವರು, ಯುದ್ಧ ಮಾಡುವವರು, ದುಡಿಯುವವರು, ಹೀಗಿರುವುದೇ ದೇವರ ಏರ್ಪಾಡು ಎಂದು ಬರೆದಿಟ್ಟವರಲ್ಲಿ ಫ್ರಾನ್ಸಿನ ಲಾನ್ ನಗರದ ಧರ್ಮಾಧ್ಯಕ್ಷ ಅದಲ್ಬೆರೋ ಒಬ್ಬರು. ಅದು ಸುಮಾರು 1030ರ ಹೊತ್ತಿನ ಮಾತು. ಒಂದು ವಿಷಯದಲ್ಲಿ ಅವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ದುಡಿಯುವವರ ಕಣ್ಣೀರಿಗೆ ಕೊನೆಯಿಲ್ಲವೆಂದೂ, ಜೀತದವನನ್ನು ಸಾಕುತ್ತೇನೆಂದು ಬೀಗುವ ಯಜಮಾನನನ್ನು ನಿಜದಲ್ಲಿ ಜೀತದವನೇ ಸಾಕುತ್ತಿದ್ದಾನೆಂದೂ ಅವರು ಒಪ್ಪಿಕೊಂಡಿದ್ದಾರೆ. ಒಪ್ಪಿಕೊಂಡು ಸುಮ್ಮನಾದರು. 1381ರಲ್ಲಿ ಇಂಗ್ಲೆಂಡಿನ ಬಡ ಗುರು ಜಾನ್ ಬಾಲ್ ಸುಮ್ಮನಾಗಲಿಲ್ಲ. ಆದಾಮ ಏವರ ಕಾಲದಲ್ಲಿ ದೊರೆ ಎಂಬುವನು ಎಲ್ಲಿದ್ದ ಎಂದು ರೈತರ ನಡುವೆ ನಿಂತು ಕೇಳಿದರು. ಆ ಮೊದಲು ಅವರನ್ನು ಸೆರೆಯಲ್ಲಿಟ್ಟಿದ್ದವರು ನಮ್ಮ ಮಹಾಧರ್ಮಾಧ್ಯಕ್ಷರು. ರೈತರ ದಂಗೆ ಮುರಿದ ಮೇಲೆ ಜುಲೈ 15ರಂದು ಅರಸನ ಎದುರಿನಲ್ಲೇ ಅವರನ್ನು ಗಲ್ಲಿಗೇರಿಸಲಾಯಿತು.

ಇನ್ನೂ ಒಂದು ಸಂಗತಿ. ಸಾಮಂತನು ಅರಸನ ಮುಂದೆ ಮಂಡಿಯೂರಿ, ತನ್ನ ಜೋಡಿಸಿದ ಎರಡೂ ಕೈಗಳನ್ನು ಅರಸನ ಕೈಗಳ ನಡುವೆ ಇಟ್ಟು, ನಾನು ನಿನ್ನವನು ಎಂದು ಮಾತು ಕೊಡುತ್ತಿದ್ದ. ನಮ್ಮ ಗುರುದೀಕ್ಷೆಯಲ್ಲಿ ಇಂದಿಗೂ ಅದೇ ರೀತಿ ನಡೆಯುತ್ತದೆ. ನಾನೂ ನನ್ನ ಧರ್ಮಾಧ್ಯಕ್ಷರ ಕೈಗಳ ನಡುವೆ ಕೈಯಿಟ್ಟು ವಿಧೇಯತೆಯ ಮಾತು ಕೊಟ್ಟವನೇ. ಆ ಕ್ಷಣ ನನಗೆ ಪವಿತ್ರವಾದದ್ದು, ಅದರ ಬಗ್ಗೆ ನನಗೆ ಸಂಕೋಚವಿಲ್ಲ. ಆದರೆ ಆ ರೀತಿ ಎಲ್ಲಿಂದ ಬಂತು ಎಂದು ತಿಳಿದಿರಬೇಕು. ದೊರೆಗಳ ಕಾಲದ ನಡವಳಿಕೆ ನಮ್ಮ ಕೈಯಲ್ಲಿ ಉಳಿದಿರುವಾಗ ನಮ್ಮ ತಲೆಯಲ್ಲಿ ಎಷ್ಟು ಉಳಿದಿದೆ ಎಂದು ಕೇಳಿಕೊಳ್ಳಬೇಡವೇ?

ಇನ್ನು ನಮ್ಮ ನೆಲಕ್ಕೆ ಬರೋಣ. ಹಿರಿಯರಿಗೆ ಗೊತ್ತು, ಕಿರಿಯರಿಗೆ ಹೇಳಬೇಕು. 1956ರ ನವೆಂಬರ್ 1ರವರೆಗೆ ಜಹೀರಾಬಾದೂ ನಾರಾಯಣಖೇಡವೂ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ರಾಜ್ಯಗಳ ಗಡಿ ಹಾಕಿದಾಗ ನಾವು ಈ ಕಡೆ ಉಳಿದೆವು. ಅದಕ್ಕೂ ಮೊದಲು ಇದೆಲ್ಲ ನಿಜಾಮರ ಹೈದರಾಬಾದು. ಆ ರಾಜ್ಯದ ಹತ್ತರಲ್ಲಿ ಸುಮಾರು ನಾಲ್ಕು ಪಾಲು ನೆಲ ಸರ್ಕಾರದ ನೇರ ಕೈಯಲ್ಲಿ ಇರಲಿಲ್ಲ. ಒಂದಷ್ಟು ನಿಜಾಮರ ಸ್ವಂತ ಸರ್ಫೆ ಖಾಸ್, ಉಳಿದದ್ದು ಜಾಗೀರು ಮತ್ತು ಪೈಗಾ. ದೊಡ್ಡ ಪೈಗಾಗಳಿಗೆ ತಮ್ಮದೇ ಪೊಲೀಸು, ತಮ್ಮದೇ ಕೋರ್ಟು ಇದ್ದವು. ಜಾಗೀರಲ್ಲದ ಹಳ್ಳಿಗಳಲ್ಲೂ ದೇಶಮುಖರು, ಮಾಲಿ ಪಟೇಲರು, ಪಟವಾರಿಗಳು ಇದ್ದರು. ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತೋ ಹೊಲವೂ ಅವರ ಕೈಗೆ ಹೋಗುತ್ತಿತ್ತು. ಇದನ್ನು ಯುರೋಪಿನ ಊಳಿಗಮಾನ್ಯದೊಂದಿಗೆ ಹೋಲಿಸಬಹುದೇ ಎಂದು ಪಂಡಿತರು ವಾದ ಮಾಡುತ್ತಾರೆ, ಮಾಡಲಿ. ಒಂದು ವ್ಯತ್ಯಾಸ ಮಾತ್ರ ನಿಜ. ಅಲ್ಲಿ ಉಳುವವನನ್ನು ನೆಲಕ್ಕೆ ಕಟ್ಟಿದ್ದರು. ಇಲ್ಲಿ ಜಾತಿಗೂ ಕಟ್ಟಿದ್ದರು. ಅಲ್ಲಿಯವನು ಪಟ್ಟಣಕ್ಕೆ ಓಡಿಹೋದರೆ ಬಿಡುಗಡೆಯಾಗುವ ಆಸೆಯಾದರೂ ಇತ್ತು. ಇಲ್ಲಿಯವನು ಎಲ್ಲಿಗೆ ಓಡಿದರೂ ಅವನ ಜಾತಿ ಅವನಿಗಿಂತ ಮೊದಲೇ ಆ ಊರು ತಲುಪಿರುತ್ತಿತ್ತು.

ಬಿಟ್ಟಿ ಚಾಕರಿಗೆ ತೆಲುಗಿನಲ್ಲಿ ವೆಟ್ಟಿ ಚಾಕಿರಿ ಎಂದು ಹೆಸರು. ಮಾದಿಗರು ಚಪ್ಪಲಿ, ಮಿಣಿ ಹೊಲಿದುಕೊಡಬೇಕು, ಕುಂಬಾರ ಗಡಿಗೆ ಕೊಡಬೇಕು, ಅಗಸ ಬಟ್ಟೆ ಒಗೆಯಬೇಕು, ಯಾವುದಕ್ಕೂ ಹಣವಿಲ್ಲ. ಮಗನ ಮದುವೆಗೆ ಸಾಲ ಪಡೆದ ತಪ್ಪಿಗೆ ಅಪ್ಪ ಜೀತಕ್ಕೆ ಸೇರಿದರೆ, ಸಾಲ ತೀರದೆ ಮಗನೂ ಅದೇ ಕೊಟ್ಟಿಗೆಗೆ ಬರುತ್ತಿದ್ದ. ಇದಕ್ಕೆ ಭಾಗೇಲಾ ಎಂಬ ಹೆಸರೂ ಇತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1949ರ ಆಗಸ್ಟ್ 15ರ ಕಾಯಿದೆಯಿಂದ ಜಾಗೀರುಗಳು ರದ್ದಾದವು. ಕಳೆದುಕೊಂಡದ್ದಕ್ಕೆ ಜಾಗೀರುದಾರರಿಗೆ ಪರಿಹಾರದ ಹಣ ಗೊತ್ತುಮಾಡಲಾಯಿತು. ತಲೆತಲಾಂತರ ಬಿಟ್ಟಿ ದುಡಿದವರಿಗೆ ಯಾರೂ ಪರಿಹಾರ ಗೊತ್ತುಮಾಡಲಿಲ್ಲ. ಜೀತ ಕಾನೂನಿನಲ್ಲಿ ಸತ್ತದ್ದು ಅದಕ್ಕೂ ಇಪ್ಪತ್ತೇಳು ವರ್ಷ ತಡವಾಗಿ, 1976ರ ಕಾಯಿದೆಯಿಂದ. ಅದರಲ್ಲಿ ದೇಶದ ಬೇರೆ ಬೇರೆ ಕಡೆ ಈ ದಾಸ್ಯಕ್ಕಿದ್ದ ಹೆಸರುಗಳ ಪಟ್ಟಿಯೇ ಇದೆ. ಜೀತ, ಭಾಗೇಲಾ, ವೆಟ್ಟಿ, ನಮ್ಮ ಕಡೆಯ ಮೂರೂ ಆ ಪಟ್ಟಿಯಲ್ಲಿವೆ.

ಪವಿತ್ರ ಗ್ರಂಥ ಈ ವಿಷಯದಲ್ಲಿ ಏನು ಹೇಳುತ್ತದೆ? ಇಸ್ರಯೇಲರು ನಮಗೂ ಅರಸ ಬೇಕೆಂದು ಹಟ ಹಿಡಿದಾಗ ಪ್ರವಾದಿ ಸಮುವೇಲರು ಮುಂದಾಗುವುದನ್ನು ಬಿಡಿಸಿ ಹೇಳಿದರು. ಅವನು ನಿಮ್ಮ ಗಂಡುಮಕ್ಕಳನ್ನು ತನ್ನ ರಥದ ಮುಂದೆ ಓಡಿಸುವನು, ಹೆಣ್ಣುಮಕ್ಕಳನ್ನು ತನ್ನ ಅಡಿಗೆಮನೆಗೆ ಹಾಕುವನು, ಒಳ್ಳೆಯ ಹೊಲ ತೆಗೆದು ತನ್ನವರಿಗೆ ಕೊಡುವನು, ಕಡೆಗೆ ನೀವೇ ಅವನ ದಾಸರಾಗುವಿರಿ ಎಂದರು. ಸಮುವೇಲನ ಮೊದಲನೆಯ ಗ್ರಂಥದ ಎಂಟನೆಯ ಅಧ್ಯಾಯವನ್ನು ಮನೆಯಲ್ಲಿ ಬಿಚ್ಚಿ ಓದಿರಿ, ನಿಮ್ಮ ಅಜ್ಜ ಹೇಳುತ್ತಿದ್ದ ಮಾತು ಅಲ್ಲಿ ಕೇಳಿಸುತ್ತದೆ. ನಾಬೋತನ ಕಥೆ ನಿಮಗೆಲ್ಲ ಗೊತ್ತು. ಅರಮನೆಯ ಪಕ್ಕದ ದ್ರಾಕ್ಷಿತೋಟ ಅರಸ ಅಹಾಬನಿಗೆ ಬೇಕಾಯಿತು, ಪಿತ್ರಾರ್ಜಿತ ಮಾರುವುದಿಲ್ಲ ಎಂದ ನಾಬೋತ ಸುಳ್ಳು ಸಾಕ್ಷಿಗೆ ಬಲಿಯಾದ. ಗಮನಿಸಿ, ರಾಣಿ ಅವನನ್ನು ಕತ್ತಿಯಿಂದ ಕೊಲ್ಲಿಸಲಿಲ್ಲ. ಊರ ಹಿರಿಯರಿಗೆ ಮುದ್ರೆ ಒತ್ತಿದ ಪತ್ರ ಕಳಿಸಿದಳು, ಉಪವಾಸ ಸಾರಿಸಿದಳು, ವಿಚಾರಣೆ ನಡೆಸಿದಳು. ಎಲ್ಲವೂ ಕಾಗದದಲ್ಲಿ ಸರಿಯಾಗಿಯೇ ಇತ್ತು. ಪಟವಾರಿಯ ದಫ್ತರ ನೆನಪಾಗುವುದಿಲ್ಲವೇ?

ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯ ಬುಡಕ್ಕೇ ಕೈಹಾಕುತ್ತದೆ. ಭೂಮಿ ದೇವರದು, ಉಳಿದವರೆಲ್ಲ ಅಲ್ಲಿ ಒಕ್ಕಲು ಬಂದವರು. ಆದ್ದರಿಂದ ಐವತ್ತನೆಯ ವರ್ಷ ಮಾರಿಹೋದ ಹೊಲ ಹಳೆಯ ಮನೆತನಕ್ಕೆ ಹಿಂದಿರುಗಬೇಕು, ಸಾಲಕ್ಕೆ ದಾಸನಾದವನು ಹೆಂಡತಿ ಮಕ್ಕಳೊಡನೆ ತನ್ನ ಮನೆಗೆ ಹೋಗಬೇಕು. ನಮ್ಮ ಪ್ರಭು ಕಡೆಯ ಭೋಜನದ ರಾತ್ರಿ ಇನ್ನೂ ಹತ್ತಿರಕ್ಕೆ ಬಂದರು. ಯಾರು ದೊಡ್ಡವನು ಎಂದು ಶಿಷ್ಯರು ಜಗಳಾಡುತ್ತಿದ್ದಾಗ, ಲೋಕದ ಅರಸರು ದಬ್ಬಾಳಿಕೆ ಮಾಡುತ್ತಲೇ ಉಪಕಾರಿಗಳು ಎನ್ನಿಸಿಕೊಳ್ಳುತ್ತಾರೆ, ನಿಮ್ಮಲ್ಲಿ ಹಾಗಾಗಬಾರದು ಎಂದರು. ಉಪಕಾರಿ ಎಂಬ ಆ ಬಿರುದನ್ನು ಯೇಸು ನೆನಪಿಟ್ಟು ಹೇಳಿದ್ದು ನನಗೆ ಯಾವಾಗಲೂ ಮುಟ್ಟುತ್ತದೆ. ದೊರೆಗಳೂ ತಾವು ಬಡವರನ್ನು ಸಾಕುತ್ತಿದ್ದೇವೆ ಎಂದೇ ಅಂದುಕೊಂಡಿದ್ದರು.

ಈಗ ಸಂತ ಇಸಿದೋರರು. ಹನ್ನೊಂದನೆಯ ಶತಮಾನದ ಕಡೆಗೆ ಸ್ಪೇನಿನ ಮದ್ರಿದಿನಲ್ಲಿ ಹುಟ್ಟಿ, ಹ್ವಾನ್ ದೆ ವಾರ್ಗಾಸ್ ಎಂಬ ಜಮೀನುದಾರನ ಹೊಲದಲ್ಲಿ ಬಾಳೆಲ್ಲ ದುಡಿದ ಆಳು. ಅವರ ಹೆಂಡತಿ ಮರಿಯ, ಆಕೆಯನ್ನೂ ಜನ ಪುಣ್ಯವತಿಯೆಂದು ಗೌರವಿಸುತ್ತಾರೆ. ಬೆಳಗಿನ ಬಲಿಪೂಜೆಗೆ ಹೋಗಿ ಹೊಲಕ್ಕೆ ತಡವಾಗಿ ಬರುತ್ತಾನೆ ಎಂದು ಜೊತೆಯ ಆಳುಗಳೇ ಚಾಡಿ ಹೇಳಿದರಂತೆ. ಯಜಮಾನ ಅಡಗಿ ನಿಂತು ನೋಡಿದಾಗ ಇಸಿದೋರರ ಎರಡೂ ಬದಿ ದೇವದೂತರು ನೇಗಿಲು ಹೂಡಿ ಉಳುತ್ತಿದ್ದರಂತೆ. ಈ ಕಥೆಯನ್ನು ನಾವು ಬಹಳ ಕಾಲ ಒಂದೇ ರೀತಿ ಹೇಳಿದ್ದೇವೆ: ನೋಡಿ, ವಿಧೇಯ ಆಳು, ಎದುರು ಮಾತಾಡಲಿಲ್ಲ, ದೇವರು ಅವನ ಕೆಲಸ ಮಾಡಿಕೊಟ್ಟರು. ಜಮೀನುದಾರರಿಗೆ ಹಿತವಾದ ವ್ಯಾಖ್ಯಾನ. ನನಗೆ ಈ ಕಥೆ ಈಗ ಬೇರೆಯಾಗಿ ಕೇಳಿಸುತ್ತದೆ. ದಿನದ ಮೊದಲ ಗಳಿಗೆ ಯಜಮಾನನದಲ್ಲ, ದೇವರದು ಎಂದು ಆ ಆಳು ನಡೆದು ತೋರಿಸಿದ್ದ. ಅದೇ ಅವನ ಮೇಲಿನ ದೂರು. ಸ್ವರ್ಗ ಯಜಮಾನನ ಪರ ಬರಲಿಲ್ಲ, ನೇಗಿಲಿನ ಪಕ್ಕಕ್ಕೆ ಬಂದು ನಿಂತಿತು.

1622ರ ಮಾರ್ಚ್ 12ರಂದು ಇಸಿದೋರರನ್ನು ಸಂತರೆಂದು ಘೋಷಿಸಿದಾಗ ಅದೇ ದಿನ ಘೋಷಿತರಾದ ಇತರರು ಲೊಯೋಲದ ಇಗ್ನೇಷಿಯಸ್, ಫ್ರಾನ್ಸಿಸ್ ಝೇವಿಯರ್, ಅವಿಲದ ತೆರೇಸ, ಫಿಲಿಪ್ ನೇರಿ. ಇಗ್ನೇಷಿಯಸ್ ಮತ್ತು ಝೇವಿಯರ್ ಗಡಿಗಳಲ್ಲಿ ಹುಟ್ಟಿದವರು, ನಮ್ಮ ಮಾತಿನಲ್ಲಿ ದೊರೆಮಕ್ಕಳು. ಆ ಸಾಲಿನಲ್ಲಿ ಒಬ್ಬ ಜೀತದ ಆಳು! ಸತ್ತು ಸುಮಾರು ಐನೂರು ವರ್ಷ ಕಾಯಬೇಕಾಯಿತು, ಆ ಮಾತು ಬೇರೆ.

ಇಸಿದೋರರು ಅಲ್ಲಿ ಉಳುತ್ತಿದ್ದ ಅದೇ ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ನಮ್ಮ ಮುಂಬಯಿ ರಸ್ತೆ ಹಿಡಿದು ಹುಮನಾಬಾದ ದಾಟಿದರೆ ಸಿಗುವ ಕಲ್ಯಾಣದಲ್ಲಿ ಬಸವಣ್ಣನವರೂ ಶರಣರೂ ಕಾಯಕದಲ್ಲಿ ಮೇಲುಕೀಳಿಲ್ಲ ಎಂದು ಸಾರಿದರು. ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಸಂಬಂಧ ಬೆಳೆದಾಗ ಇಬ್ಬರಿಗೂ ಏನಾಯಿತೆಂದು ಈ ಭಾಗದ ಮಕ್ಕಳಿಗೂ ಗೊತ್ತು. ನಾವು ಕ್ರೈಸ್ತರು ನೆರೆಮನೆಯ ಈ ನೆನಪಿನ ಮುಂದೆ ತಲೆಬಾಗಿದರೆ ನಮ್ಮ ವಿಶ್ವಾಸಕ್ಕೆ ಕುಂದೇನೂ ಇಲ್ಲ.

ಮೇ 15 ಧರ್ಮಸಭೆಗೆ ಇನ್ನೊಂದು ಕಾರಣಕ್ಕೂ ನೆನಪಿನ ದಿನ. 1891ರಲ್ಲಿ ವಿಶ್ವಗುರು ಹದಿಮೂರನೆಯ ಲಿಯೋ ಕಾರ್ಮಿಕರ ಸ್ಥಿತಿಯ ಬಗ್ಗೆ ತಮ್ಮ ವಿಶ್ವಪರಿಪತ್ರವನ್ನು ಇದೇ ದಿನಾಂಕದಂದು ಹೊರಡಿಸಿದರು. ಎಪ್ಪತ್ತು ವರ್ಷದ ನಂತರ, 1961ರ ಮೇ 15ರ ದಿನಾಂಕದಲ್ಲೇ ವಿಶ್ವಗುರು ಇಪ್ಪತ್ತಮೂರನೆಯ ಜಾನ್ ಬರೆದ ಪರಿಪತ್ರದಲ್ಲಿ ಹೊಲದ ಕೆಲಸದವರ ಬಗ್ಗೆ ಪುಟಗಟ್ಟಲೆ ಇದೆ. ರೈತರ ಏಳಿಗೆಯನ್ನು ಮುಂದೆ ನಿಂತು ನಡೆಸಬೇಕಾದವರು ರೈತರೇ, ಬೇರೆಯವರಲ್ಲ ಎಂಬುದು ಅದರ ಒಂದು ಮುಖ್ಯ ವಿಚಾರ.

ಅದನ್ನು ನಡೆಸಿ ತೋರಿಸಿದವರನ್ನು ಹುಡುಕಲು ನಾವು ರೋಮಿಗೆ ಹೋಗಬೇಕಿಲ್ಲ. ಪಸ್ತಾಪುರದಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇದೆ. ಅದು ಧರ್ಮಸಭೆಯ ಸಂಸ್ಥೆಯಲ್ಲ. ಅದನ್ನು ಕಟ್ಟಿದವರಲ್ಲಿ ಮುಖ್ಯರು, 2023ರಲ್ಲಿ ತೀರಿಕೊಂಡ ಪಿ. ವಿ. ಸತೀಶ್, ಮೈಸೂರಿನ ಕನ್ನಡಿಗರು. ಆದರೆ ನಿಜವಾಗಿ ಅದನ್ನು ಎತ್ತಿ ನಿಲ್ಲಿಸಿದವರು ಸುತ್ತಲಿನ ಹಳ್ಳಿಗಳ ಸಂಘಂ ಹೆಂಗಸರು. ಅವರಲ್ಲಿ ಹೆಚ್ಚಿನವರು ದಲಿತರು, ಜೀತದ ಮನೆಗಳಿಂದ ಬಂದವರು. ಭೂಸುಧಾರಣೆಯಲ್ಲಿ ಅವರಿಗೆ ಸಿಕ್ಕಿದ್ದು ಕಲ್ಲು ತುಂಬಿದ ಬೀಳು ನೆಲ. ಅದನ್ನೇ ಹಸನು ಮಾಡಿ ಜೋಳ, ನವಣೆ, ಸಾಮೆ, ಸಜ್ಜೆ, ತೊಗರಿ ಕೂಡಿಸಿ ಬಿತ್ತಿದರು. ಬೀಜಕ್ಕೆ ದೊರೆಯ ಬಾಗಿಲಿಗೆ ಹೋಗುವ ಬದಲು ತಾವೇ ಗಡಿಗೆಗಳಲ್ಲಿ ಬೂದಿ, ಬೇವಿನ ಎಲೆ ಬೆರೆಸಿ ಬೀಜ ಕೂಡಿಟ್ಟರು. 1990ರ ದಶಕದಲ್ಲಿ ಅವರು ಬೀಳು ಹೊಲ ಉಳಲು ಸಾಲ ಕೊಟ್ಟು, ಸಾಲವನ್ನು ಜೋಳದಲ್ಲೇ ಹಿಂದಕ್ಕೆ ಪಡೆದು, ಆ ಜೋಳವನ್ನು ಊರಿನ ಬಡವರಿಗೆ ಅಗ್ಗಕ್ಕೆ ಕೊಡುವ ಏರ್ಪಾಡು ಮಾಡಿದರು. ಯಾರು ಬಡವರು ಎಂದು ಗೊತ್ತುಮಾಡಿದ್ದು ತಹಶೀಲ್ದಾರರಲ್ಲ, ಊರವರೇ ಕೂತು ಮಾತಾಡಿ. ಮಾಚನೂರಿನಲ್ಲಿ 2008ರಿಂದ ಅವರದೇ ಸಂಘಂ ರೇಡಿಯೋ ಇದೆ. ದೊರೆಯ ಮುಂದೆ ಬಾಯಿ ತೆರೆಯದಿದ್ದ ಮನೆತನದ ಹೆಣ್ಣುಮಗಳ ದನಿ ಈಗ ಊರೂರಿಗೆ ಕೇಳುತ್ತದೆ. 2019ರಲ್ಲಿ ಇವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಮರಿಯಮ್ಮನವರ ಸ್ತುತಿಗೀತೆಯನ್ನು ನಾನು ಪ್ರತಿ ಸಂಜೆ ಹೇಳುತ್ತೇನೆ. ದೀನರನ್ನು ಮೇಲೆತ್ತುವ ಆ ಸಾಲುಗಳ ಅರ್ಥ ನನಗೆ ಈ ಹೆಂಗಸರ ಬೀಜದ ಗಡಿಗೆಗಳ ಮುಂದೆ ನಿಂತಾಗ ತಿಳಿದಷ್ಟು ಗುರುಮಠದಲ್ಲಿ ತಿಳಿಯಲಿಲ್ಲ.

ಈಗ ನಮ್ಮ ದೇವಾಲಯದೊಳಗೆ ಬರೋಣ. ನನ್ನ ತಪ್ಪಿನಿಂದಲೇ ಶುರುಮಾಡುತ್ತೇನೆ. ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದ ಹಬ್ಬದಲ್ಲಿ ಮುಂದಿನ ಸಾಲಿಗೆ ಬಟ್ಟೆ ಹೊದಿಸಿದ ಕುರ್ಚಿಗಳನ್ನು ಹಾಕಿಸಿದ್ದೆ. ಕಮಾನಿಗೆ ಹಣ ಕೊಟ್ಟವರಿಗೆ, ಪಟ್ಟಣದಿಂದ ಕಾರಿನಲ್ಲಿ ಬಂದವರಿಗೆ. ಬೆಳಗಿನಿಂದ ದೇವಾಲಯ ಸಾರಿಸಿ ರಂಗೋಲಿ ಹಾಕಿದ್ದ ಕೂಲಿ ಹೆಂಗಸರು ಹಿಂದೆ ಚಪ್ಪಲಿ ಬಿಡುವ ಜಾಗದ ಪಕ್ಕ ನೆಲದಲ್ಲಿ ಕೂತಿದ್ದರು. ಆ ಭಾನುವಾರದ ಎರಡನೆಯ ವಾಚನ ಸಂತ ಯಕೋಬನ ಪತ್ರದ ಎರಡನೆಯ ಅಧ್ಯಾಯ: ಬಂಗಾರದ ಉಂಗುರದವನಿಗೆ ಒಳ್ಳೆಯ ಆಸನ, ಹರಿದ ಬಟ್ಟೆಯವನಿಗೆ ಕಾಲ ಬಳಿಯ ನೆಲ. ಓದಿದವನು ಒಬ್ಬ ಹುಡುಗ. ಓದುತ್ತಾ ಒಮ್ಮೆ ಕುರ್ಚಿಗಳ ಕಡೆ ನೋಡಿದ, ಒಮ್ಮೆ ನನ್ನ ಕಡೆ ನೋಡಿದ. ನಾನು ಆ ದಿನ ಶುಭಸಂದೇಶದ ಮೇಲೆ ಪ್ರಬೋಧನೆ ಮಾಡಿ ಮುಗಿಸಿದೆ.

ನಮ್ಮ ಮಹಾಧರ್ಮಕ್ಷೇತ್ರದಲ್ಲಿ ತೆಲುಗು, ತಮಿಳು, ಮಲಯಾಳ, ಕೊಂಕಣಿ, ಇಂಗ್ಲಿಷ್ ಎಲ್ಲ ಇವೆ, ಅವುಗಳ ನಡುವೆ ನಾವು ಸಣ್ಣ ಕನ್ನಡ ಗುಂಪು. ನಮ್ಮ ಭಾಷೆಯ ಪೂಜೆಗೆ ಸಮಯ ಸಿಗುವುದಿಲ್ಲ ಎಂದು ನಮಗೆ ಬೇಸರವಾಗುತ್ತದೆ, ಆ ಬೇಸರ ನ್ಯಾಯವಾದದ್ದೇ. ಆದರೆ ಕನ್ನಡ ಪೂಜೆ ಸಿಕ್ಕ ದಿನ ನಮ್ಮೊಳಗೆ ಯಾರು ಎಲ್ಲಿ ಕೂಡುತ್ತಾರೆ, ಯಾರ ಮನೆಯಲ್ಲಿ ಗುರುಗಳಿಗೆ ಊಟ, ಯಾರ ಮನೆಯಲ್ಲಿ ಬರೀ ಚಹಾ, ಮದುವೆ ಮಾತು ಬಂದಾಗ ಮೊದಲು ಯಾವ ಪ್ರಶ್ನೆ ಕೇಳುತ್ತೇವೆ ಎಂಬುದನ್ನು ಗಮನಿಸಿದ್ದೀರಾ? 2016ರ ಡಿಸೆಂಬರಿನಲ್ಲಿ ಭಾರತದ ಧರ್ಮಾಧ್ಯಕ್ಷರು ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿದಾಗ ಸಭೆಯೊಳಗೇ ಈ ಪಾಪವಿದೆ ಎಂದು ಒಪ್ಪಿಕೊಂಡರು. 2022ರ ಆಗಸ್ಟ್ 27ರಂದು ಹೈದರಾಬಾದಿನ ಮಹಾಧರ್ಮಾಧ್ಯಕ್ಷ ಅಂತೋಣಿ ಪೂಲಾ ಅವರು ಕಾರ್ಡಿನಲ್ ಆದರು, ದಲಿತ ಸಮುದಾಯದಿಂದ ಮೊದಲಿಗರು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ಸಿಹಿ ಹಂಚಿದೆವು. ರೋಮಿನಲ್ಲಿ ಅವರಿಗೆ ಆಸನ ಸಿಕ್ಕಿದ್ದಕ್ಕೆ ಸಂತೋಷಪಟ್ಟ ನಾವು ನಮ್ಮೂರಿನ ಅದೇ ಕೇರಿಯ ಹೆಣ್ಣುಮಗಳಿಗೆ ನಮ್ಮ ಬೆಂಚಿನಲ್ಲಿ ಸರಿದು ಜಾಗ ಕೊಟ್ಟೆವೇ?

ಈ ಸಲ ಮೇ 15ರ ಸಂಜೆಯ ಬಲಿಪೂಜೆಗೆ ಕುರ್ಚಿ ಹಾಕುವುದಿಲ್ಲ. ಮೊಣಕಾಲು ನೋವಿನವರಿಗೆ, ವಯಸ್ಸಾದವರಿಗೆ ಬೆಂಚುಗಳಿರುತ್ತವೆ. ಉಳಿದವರೆಲ್ಲ ಜಮಖಾನದ ಮೇಲೆ, ವಾಚನದ ಹೊತ್ತಿನಲ್ಲಿ ನಾನೂ ಅಲ್ಲೇ. ಕಾಣಿಕೆಯ ಮೆರವಣಿಗೆಯಲ್ಲಿ ಬಿತ್ತನೆಯ ಬೀಜ ತರುವವರು ಹೊಲದಲ್ಲಿ ಕೂಲಿ ಮಾಡುವವರು. ಹೊಲದ ಒಡೆಯರು ಮೊದಲೇ ಕೇಳಿದ್ದಾರೆ, ನಮ್ಮ ಬೀಜಕ್ಕೂ ಆಶೀರ್ವಾದ ಬೇಡವೇ ಎಂದು. ಬೇಕು. ನಿಮ್ಮ ಆಳುಗಳ ಕೈಯಲ್ಲಿ ಕಳಿಸದೆ ಅವರ ಜೊತೆಗೇ ನಡೆದು ಬನ್ನಿ, ಅಷ್ಟೇ. ಹಾಗೆಯೇ ಆಳಿಗೆ ಕೊಡಬೇಕಾದ ಹಳೆಯ ಕೂಲಿ ಬಾಕಿ ಯಾರಲ್ಲಾದರೂ ಇದ್ದರೆ ಹಬ್ಬಕ್ಕೆ ಮೊದಲು ತೀರಿಸಿ ಬನ್ನಿ. ಇದನ್ನು ಪಾಪನಿವೇದನೆಯಲ್ಲಿ ಕೇಳಿಸಿಕೊಳ್ಳುವುದಕ್ಕಿಂತ ಮೊದಲೇ ಹೇಳಿಬಿಡುವುದು ಮೇಲು.

ನಾರಾಯಣಖೇಡದ ಕಡೆಯ ಆ ಅಜ್ಜನಿಗೂ ಹೇಳಿಕಳಿಸಿದ್ದೇನೆ. ಒಂದು ಸೇರು ಬಿಳಿಜೋಳ ತರುತ್ತೇನೆ ಎಂದಿದ್ದಾರಂತೆ. ಅವರಿಗಾಗಿ ಮುಂದಿನ ಬೆಂಚಿನಲ್ಲಿ ಜಾಗವಿದೆ. ಬಂದು ಅಲ್ಲಿ ಕೂಡುತ್ತಾರೋ ಇಲ್ಲವೋ ಗೊತ್ತಿಲ್ಲ. ಮೊಮ್ಮಗನಿಗೆ ಫೋನು ಮಾಡಿ, ಅಜ್ಜನ ಪಕ್ಕದಲ್ಲೇ ನೀನೂ ಕೂಡು ಎಂದು ಹೇಳಿದ್ದೇನೆ.